ಸೂರಕ್ಕಿಯ ಡಿಸೈನು

ಎರ್ರಿಸ್ವಾಮಿಗೆ ಅಂದು ಕೇಡು ಬಂದದ್ದು ಹಿತ್ತಲ ದಾಸವಾಳದ ಮಕರಂದಕ್ಕೆ ಬರುವ ಪುಟ್ಟ ಹಕ್ಕಿ ಸೂರಕ್ಕಿಯಿಂದ. ರಾಯದುರ್ಗದಲ್ಲಿ ವರ್ಷಗಟ್ಟಲೆ ಜೀನ್ಸಿಗೆ ಜೇಬು ಹೊಲಿದು ಬೇಸತ್ತವನು, ಡಿಸೈನ್ ಮಾಸ್ಟರ್ ಆಗುವ ಆಸೆಗೆ ಮಕ್ಕಳ ಪ್ಯಾಂಟೊಂದರ ಮೇಲೆ ಕೆಂಪು ದಾಸವಾಳದ ಕಸೂತಿ ಹಾಕಿದ್ದ. ಮಧ್ಯಾಹ್ನ ಕಾರ್ಖಾನೆಯ ಮಾಲೀಕ ಸಾಯಿಪ್ರಸಾದ್ ಸ್ಯಾಂಪಲ್ ನೋಡಲು ಮನೆಗೇ ಬರುವವನಿದ್ದ. ತೊಳೆದ ಪ್ಯಾಂಟನ್ನು ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ, ಹೆಬ್ಬೆರಳಿನಷ್ಟಿದ್ದ ಆ ಹಕ್ಕಿ ಗಿಡದ ಹೂ ಬಿಟ್ಟು ಕಸೂತಿ ಹೂವಿಗೆ ಜೋತುಬಿತ್ತು.

ಓಡಿಸಲು ಕೈಯೆತ್ತಿದ. ಗೋಡೆಯಾಚೆಯಿಂದ ನೆರೆಮನೆಯ ರಂಗಕ್ಕ ಕೂಗಿದಳು: "ಓಡಿಸಬ್ಯಾಡಪ್ಪೋ! ನಿನ್ನ ಹೂವ ಖರೇದು ಅಂತ ತಿಳಕಂಡೈತಿ!"

ಎತ್ತಿದ ಕೈ ಹಾಗೇ ನಿಂತಿತು. ಅವನ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು.

ಕಾರ್ಖಾನೆಯಲ್ಲಿ ಪಕ್ಕದ ಮಷಿನ್ನಿನಲ್ಲಿ ಹೊಲಿಯುವ ಬೋರಪ್ಪ ಫೋನು ಹಿಡಿದು ಓಡಿಬಂದ. "ಇದು ಹಮ್ಮಿಂಗ್ ಬರ್ಡಲೇ. ಅಮೆರಿಕದ್ದು."

"ಅಮೆರಿಕದ್ದು ಇಲ್ಲಿಗ್ಯಾಕ ಬರ್ತೈತಿ?" ಎಂದಳು ರಂಗಕ್ಕ.

"ನಮ್ಮೋರೆಲ್ಲ ಬೆಂಗಳೂರು ಗಾರ್ಮೆಂಟ್ಸಿಗೆ ಹೋಗ್ಯಾರಲ್ಲ, ಜಾಗ ಖಾಲಿ ಐತಂತ ಬಂದೈತಿ."

ಗದ್ದಲಕ್ಕೆ ಹಕ್ಕಿ ಹಾರಿಹೋಯಿತು. ಎರ್ರಿಸ್ವಾಮಿ ಅದರ ಹಿಂದೆ ಗೋಡೆಯವರೆಗೆ ಓಡಿದ. ಮಾಲೀಕ ಬಂದಾಗ ಹಕ್ಕಿ ಹೂವಿನ ಮೇಲೆ ಕೂತಿದ್ದರೆ ಮಾಸ್ಟರ್‌ಗಿರಿ ಖಾತ್ರಿ! ಗೋಡೆಯ ಮೇಲೆ ಕುಂಬಳಕಾಯಿ ಜೋಡಿಸಿದಂತೆ ಕೇರಿಯವರ ತಲೆಗಳು, ಒಂದೊಂದು ತಲೆಗೂ ಒಂದೊಂದು ಉಪಾಯ. ರಂಗಕ್ಕ ಕಸೂತಿಗೆ ಬೆಲ್ಲದ ನೀರು ಸವರಿದಳು. ಹಕ್ಕಿ ಬರಲಿಲ್ಲ, ಇರುವೆ ಬಂದವು. ಇರುವೆ ಬಿಡಿಸಲು ಬೋರಪ್ಪ ತಂತಿ ಬ್ರಷ್ಷಿನಿಂದ ತಿಕ್ಕಿದ. ಬಟ್ಟೆಯ ನೀಲಿ ಬಿಟ್ಟು ಬೆಳ್ಳಗಾಯಿತು.

ಸಾಯಿಪ್ರಸಾದ್ ಬೈಕಿನಿಂದ ಇಳಿಯುವುದಕ್ಕೂ ಹಕ್ಕಿ ಮರಳುವುದಕ್ಕೂ ಸರಿಹೋಯಿತು. "ನೋಡ್ರಿ, ಹಕ್ಕೀನೇ ಮೋಸ ಹೋಗೈತಿ!" ಎಂದು ಎರ್ರಿಸ್ವಾಮಿ ಎದೆಯುಬ್ಬಿಸಿದ. ಹಕ್ಕಿ ಒಂದೆಳೆ ಕೆಂಪು ದಾರ ಕಿತ್ತು, ಕೊಕ್ಕಿನಲ್ಲಿ ಕಚ್ಚಿಕೊಂಡು ನಿಂಬೆಗಿಡಕ್ಕೆ ಹಾರಿತು. ಅಲ್ಲಿ ಅರ್ಧ ಕಟ್ಟಿದ ಗೂಡಿನಲ್ಲಿ ಮೊದಲೇ ಒಯ್ದ ಕೆಂಪು ದಾರವೂ ತೂಗುತ್ತಿತ್ತು.

"ಹೂವಿಗಲ್ಲಲೇ, ದಾರಕ್ಕ ಬಂದೈತಿ!" ಬೋರಪ್ಪ ನಕ್ಕ.

ಮಾಲೀಕ ಪ್ಯಾಂಟು ತಿರುವಿ ತಿರುವಿ ನೋಡಿದ. ಎಸಳು ಕಿತ್ತುಹೋಗಿ ದಾರ ಜೋತಾಡುತ್ತಿತ್ತು.

"ಭಲೇ! ಕಿತ್ತ ಹೂವು, ಮಾಸಿದ ಬಟ್ಟಿ... ಈಗ ಮಾರ್ಕೆಟ್ಟಿನಾಗ ನಡಿಯೋದೇ ಇದು. ಯಾರ ಡಿಸೈನು?"

ಎರ್ರಿಸ್ವಾಮಿ ಬಾಯಿ ತೆರೆಯುವ ಮೊದಲೇ ಗೋಡೆಯ ತಲೆಗಳೆಲ್ಲ ಒಟ್ಟಿಗೆ ಕೂಗಿದವು: "ಹಕ್ಕೀದ್ರೀ!"

"ಮಾಸಿಸಿದ್ದು ನಾನ್ರೀ," ಎಂದ ಬೋರಪ್ಪ.

"ಹಂಗಾರ ಮಾಸ್ಟರು ನೀನೇ. ಹೂವು ಕಂಪ್ಯೂಟರ್ ಮಷಿನ್ನಾಗ ಹಾಕಿಸ್ತೀನಿ." ಸಾಯಿಪ್ರಸಾದ್ ಎರ್ರಿಸ್ವಾಮಿಯತ್ತ ತಿರುಗಿದ. "ಹಕ್ಕೀನ ಕೆಲಸಕ್ಕ ಇಟಗಳ್ಳಾಕ ಆಗಲ್ಲ. ಹೂವಿನ ದಾರ ಕೀಳಾದು ನೀನು ಮಾಡು."

ಮರುವಾರ ಎರ್ರಿಸ್ವಾಮಿ ಪ್ಯಾಂಟಿನ ರಾಶಿಯ ನಡುವೆ ಕೂತು ಸೂಜಿಯಿಂದ ದಾಸವಾಳ ಕೀಳುತ್ತಿದ್ದ. ಮಾಸ್ಟರ್ ಬೋರಪ್ಪ ಒಂದನ್ನೆತ್ತಿ ನೋಡಿ ಮುಖ ಸಿಂಡರಿಸಿದ.

"ಹಿಂಗಲ್ಲಲೇ. ಹಿತ್ತಲಾಗ ಕುಂತು ಹಕ್ಕಿ ನೋಡಿ ಕಲ್ತ್ಕ."