ಅರಳಿಕಟ್ಟೆ ಸೇರಿದ ಅತ್ತೆ

ನಮ್ಮ ಗುಂಡ್ಲುಪೇಟೆ ಬೀದೀಲಿ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕ್ಕೊಂಡು ಬಂದರೆ ಸಾಕು, ನಾನು ಕಾಫಿ ಲೋಟ ಹಿಡಿದು ಜಗಲಿಗೆ ಬಂದು ಕೂತುಬಿಡ್ತೀನಿ. ಎದುರುಮನೆ ಸೊಸೆ ಇವತ್ತು ಏನು ಎಸೀತಾಳೋ ನೋಡಬೇಕಲ್ಲ! ಟೀವಿ ಧಾರಾವಾಹಿ ಒಂದಿನ ತಪ್ಪೀತು, ಇದು ತಪ್ಪಲ್ಲ.

ಡಬ್ಬ

ಕಾಲಲ್ಲಿ ಅದುಮಿದರೆ ಬಾಯಿ ಬಿಡುತ್ತಲ್ಲ, ಅಂಥ ಕಸದ ಡಬ್ಬ ಆನ್‌ಲೈನಲ್ಲಿ ತರಿಸಿದಳು. ಹಳೇ ಡಬ್ಬಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನ ತಂದು ಗಾಡಿಯವಳ ಕೈಗೆ ಕೊಟ್ಟಳು. ಗಾಡಿಯವಳು ಒಳಗೆ ಇಣುಕಿ, "ಕಸ ಎಲ್ಲಿ ಅಕ್ಕಾ?" ಅಂದಳು.

"ಅದೇ ಕಸ."

"ಮತ್ತೆ ಮನೆ ಕಸ?"

"ಹೊಸ ಡಬ್ಬ ಗಲೀಜಾಗುತ್ತೆ ಅಂತ ಕವರಲ್ಲಿ ಕಟ್ಟಿಟ್ಟಿದೀನಿ, ತಾಳು."

ಕುಕ್ಕರು

ಆಮೇಲೆ ಕುಕ್ಕರ್ ಎಸೆದಳು. ಏನಾಗಿತ್ತು ಅಂತೀರಾ? ರಬ್ಬರ್ ಸಡಿಲ, ಅಷ್ಟೆ. ನಾನು ಈಸ್ಕೊಂಡು ಹೊಸ ರಬ್ಬರ್ ಹಾಕಿದೆ. ಈಗ ನಮ್ಮನೇಲಿ ಅದು ಕೂಗಿದರೆ ಅವಳು ತನ್ನದೇ ಅಂದ್ಕೊಂಡು ಎದ್ದೋಗಿ ತನ್ನ ಒಲೆ ಆರಿಸ್ತಾಳೆ. ಅವಳ ಗಂಡ ಬಂದು ಗೋಳಾಡಿದ: "ಅಜ್ಜಿ, ನೀವು ಬೇಳೆ ಬೇಯಿಸಿದ ದಿನ ನಮ್ಮನೇಲಿ ಅನ್ನ ಅರೆಬೆಂದಿರ್ತದೆ."

ಅತ್ತೆ

ಇದನ್ನ ಕೇಳಿ. ಮನೆಗೆ ಹೊಸ ಬಣ್ಣ ಹೊಡೆಸಿದ್ರು. ಗೋಡೆ ಮೇಲೆ ಅತ್ತೆಯ ಫೋಟೋ. ತಲೆ ಮೇಲೆ ಸೆರಗು, ಹಣೆ ತುಂಬ ವಿಭೂತಿ. ಅತ್ತೆ ಗಟ್ಟಿಯಾಗೇ ಇದ್ದಾರೆ, ಕುದೇರಿನಲ್ಲಿ ದೊಡ್ಡ ಮಗನ ಮನೇಲಿ. ಹೊಸ ಬಣ್ಣಕ್ಕೆ ಹಳೇ ಕಟ್ಟು ಒಪ್ಪಲ್ಲ ಅಂತ ಸೊಸೆ ಅದನ್ನೂ ಗಾಡಿಗೆ ತಂದಳು. ಗಾಡಿಯವಳು ಕೈ ಹಿಂದಕ್ಕೆ ತಕ್ಕೊಂಡಳು: "ಇಬೂತಿ ಇರೋ ಪಟ ನಾ ಮುಟ್ಟಲ್ಲ ಕಣಕ್ಕ. ಅರಳಿಕಟ್ಟೇಲಿ ಇಟ್ಬುಡು."

ಮುಕ್ಕಾದ ದೇವರು, ಹಳೇ ಪಟ ಎಲ್ಲ ನಾವು ಇಡೋದು ಅಲ್ಲೇ. ಇವಳೂ ಇಟ್ಟು ಬಂದಳು. ಗಂಡನಿಗೆ 'ಹೊಸ ಕಟ್ಟು ಹಾಕಿಸೋಕೆ ಕೊಟ್ಟಿದೀನಿ' ಅಂದಳಂತೆ. ವಾರದೊಳಗೆ ಯಾರೋ ಹೂ ಇಟ್ಟರು, ಇನ್ಯಾರೋ ಊದುಬತ್ತಿ ಹಚ್ಚಿದರು. ಯಾವ ಶರಣೆಯೋ ಏನೋ ಅಂತ!

ಅಷ್ಟರಲ್ಲಿ ಅತ್ತೆ ಬರ್ತಾರೆ ಅಂತ ಫೋನ್ ಬಂತು. ಬಂದವರು ಮೊದಲು ನೋಡೋದೇ ಆ ಗೋಡೆ. ಸೊಸೆ ಕಟ್ಟೆಗೆ ಓಡಿ ಫೋಟೋಗೆ ಕೈ ಹಾಕಿದಳು. ನಾನೂ ಹಿಂದೇನೇ ಹೋದೆ, ಇಂಥದ್ದು ಬಿಡೋಕಾಗುತ್ತಾ? ಸುತ್ತು ಬರ್ತಿದ್ದ ಹೆಂಗಸರು ಹಿಡ್ಕೊಂಡ್ರು: "ದೇವ್ರ ಪಟಾನೇ ಕದೀತೀಯೇನಮ್ಮಿ?"

ಆ ಗದ್ದಲದಲ್ಲೇ ಅತ್ತೆ ಬಸ್ಸಿಳಿದು ಬಂದ್ರು. ಕಟ್ಟೆಗೆ ಕೈ ಮುಗಿದು, ಕಣ್ಣು ಬಿಟ್ಟು, ಕನ್ನಡಕ ಸರಿಮಾಡ್ಕೊಂಡ್ರು.

"ಇದು ನಾನಲ್ವಾ?"

ಸೊಸೆ ತೊದಲಿದಳು: "ಮನೇಲಿದ್ರೆ ನಾನೊಬ್ಬಳೇ ಕೈ ಮುಗೀತೀನಿ ಅತ್ತೆ. ಇಲ್ಲಾದ್ರೆ ಊರೇ ಕೈ ಮುಗೀತದೆ ಅಂತ..."

ಅತ್ತೆ ಪಟದ ಮುಂದಿದ್ದ ಬಾಳೆಹಣ್ಣು ಸುಲಿದು ಬಾಯಿಗೆ ಹಾಕ್ಕೊಂಡ್ರು. "ಒಳ್ಳೇ ಕೆಲ್ಸ ಮಾಡ್ದೆ ಬುಡು. ಇನ್ಮೇಲೆ ದಿನಾ ಬಂದು ಹಣ್ಣಿಟ್ಟು ಸುತ್ತು ಬಾ. ನಾನೂ ಇಲ್ಲೇ ಇದ್ದು ನೋಡ್ತೀನಿ."

ಅವರು ಕುದೇರಿಗೆ ವಾಪಸ್ಸೇ ಹೋಗಲಿಲ್ಲ. ನಿನ್ನೆ ಸೊಸೆ ಪಟದ ಮುಂದೆ ಕಣ್ಣುಮುಚ್ಚಿ ನಿಂತಿದ್ದಳು. "ಏನಮ್ಮಿ ಬೇಡ್ಕೋತಿದೀಯ?" ಅಂದೆ.

"ಅತ್ತೇನ ಕುದೇರಿಗೆ ಕಳಿಸವ್ವ ಅಂತ."

"ಯಾರನ್ನ ಬೇಡ್ಕೋತಿದೀಯ?"

"ಇನ್ಯಾರನ್ನ ಅಜ್ಜಿ? ಅವರನ್ನೇ!"