ನಮ್ಮ ಮನೆಯ ಬೈಗುಳ ಬಂದ್

"ಈ ಭಾನುವಾರ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಒಂದೇ ಒಂದು ಒರಟು ಮಾತು ಹೊರಬೀಳಕೂಡದು!" ಎಂದು ನಾನು ಅಪ್ಪಣೆ ಹೊರಡಿಸಿದೆ. ಇಂಡಿ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಈ ಅಪ್ಪಾಸಾಬ ಮಾಸ್ತರನ ಮನೆ ಎಂದರೆ ಸುಮ್ಮನೆಯೇ? ಮಗಳು ಸಾಕ್ಷಿಯನ್ನು ನೋಡಲು ಮಸೂತಿ ಎಂಬ ಊರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಭೀಮು ಅವಳಿಗೆ ಆಗಲೇ ಮೆಚ್ಚುಗೆಯಾಗಿದ್ದ. ಇನ್ನು ಒಪ್ಪಬೇಕಾದವಳು ಅವನ ಅಜ್ಜಿ ಮರೆವ್ವ. ಅವಳು ಹೂಂ ಅನ್ನದೆ ಆ ಮನೆಯಲ್ಲಿ ಒಲೆಯೂ ಹೊತ್ತುವುದಿಲ್ಲವಂತೆ!

"ಬೈಯಲಾರದ ಮನಿ ನಡೀತೈತೇನ್ರಿ?" ಎಂದಳು ಹೆಂಡತಿ ದುರ್ಗವ್ವ.

"ನಡಿಸಿ ತೋರಸ್ತೇನಿ!"

ಮೊದಲಿನಿಂದಲೂ ನನಗೆ ಈ ಮಾತುಗಳ ಬಗ್ಗೆ ವಿಪರೀತ ಕುತೂಹಲ. 'ಉದ್ಧಟತನ' ಎಂಬ ಪದ ಶಾಲೆಯ ನೋಟಿಸಿನಲ್ಲಿ ಮಾತ್ರ ಜೀವ ಹಿಡಿದುಕೊಂಡಿದೆ. ಊರಲ್ಲಿ ಯಾರೂ ಅದನ್ನು ಬಳಸಿದ್ದು ಕಾಣೆ. ಎದುರಿಗೆ ಸಿಕ್ಕೂ ಮಾತಾಡಿಸದೆ ಹೋದರೆ ಅದು ಸೊಕ್ಕು. ಅದೇ ಮನುಷ್ಯ ಹೊಸ ಗಾಡಿಯ ಮೇಲೆ ಹೋದರೆ ಧಿಮಾಕು! ಕರೆದರೂ ಬಾರದ ಹುಡುಗನದು ಮಸ್ತಿ. ಕರೆದರೂ ಬಾರದ ಅಳಿಯನದು ಮಾತ್ರ ಮಾನ! ಇನ್ನು 'ಉಡಾಳ' ಎಂಬುದು ಮಂದಿಯ ಮಗನಿಗಾದರೆ ದೂರು, ನಮ್ಮ ಮಗನಿಗಾದರೆ ಮುದ್ದು. ಎಷ್ಟು ವಿಚಾರ ಮಾಡಿದರೂ ಇದರ ಲೆಕ್ಕಾಚಾರ ನನ್ನ ತಲೆಗೆ ಹತ್ತಿರಲಿಲ್ಲ.

ದೊಡ್ಡ ಅಪಾಯ ಇದ್ದದ್ದು ಪಕ್ಕದ ಮನೆಯಲ್ಲಿ. ನಿಂಬೆಹಣ್ಣಿನ ವ್ಯಾಪಾರಿ ಅಮೀನುದ್ದೀನ ನನ್ನ ಬಾಲ್ಯದ ಗೆಳೆಯ. "ಏ ಹಲ್ಕಟ್, ಎದ್ದೀಯೇನಲೇ?" ಎಂದು ಅವನು ಗೋಡೆಯಾಚೆಯಿಂದ ಕೂಗದ ಹೊರತು ನಮ್ಮಲ್ಲಿ ಬೆಳಗಾಗುವುದಿಲ್ಲ. ಅವನ ಕೈಹಿಡಿದು ಬೇಡಿಕೊಂಡೆ.

"ಭಾನುವಾರ ಒಂದಿನ ಮರ್ಯಾದಿಲೆ ಮಾತಾಡಪಾ."

"ನಿನಗ? ಮರ್ಯಾದಿ?" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಆತು, ಸಾಕ್ಷಿ ಸಲುವಾಗಿ ಅದನ್ನೂ ಮಾಡ್ತೇನಿ."

ಭಾನುವಾರ ಮರೆವ್ವ ಮೊಮ್ಮಗನೊಂದಿಗೆ ಬಂದು ಜಮಖಾನೆಯ ಮೇಲೆ ಕೂತಳು. ನಮ್ಮ ಮನೆ ಅಂದು ರಾಜಸಭೆ!

"ದುರ್ಗವ್ವನವರೇ, ಚಹಾ ತರುವಿರಾ?" ಎಂದೆ.

"ತಂದೇನ್ರಿ, ಮಾಸ್ತರ ಸಾಹೇಬ್ರ," ಎಂದು ಅವಳು ಹಲ್ಲು ಕಚ್ಚಿಕೊಂಡು ಚಹಾ ಇಟ್ಟಳು.

ಅಷ್ಟರಲ್ಲಿ ಇಸ್ತ್ರಿ ಅಂಗಿ ತೊಟ್ಟ ಅಮೀನುದ್ದೀನ ಬಾಗಿಲಲ್ಲೇ ನಿಂತು ಕೈಮುಗಿದ. "ನಮಸ್ಕಾರ್ರಿ ಸರ್. ಒಳಗ ಬರಬಹುದೇನ್ರಿ?"

"ದಯಮಾಡಿ ಬಂದು ಆಸೀನರಾಗಬೇಕು!"

ಮರೆವ್ವ ಚಹಾದ ಬಸಿಯನ್ನು ಕೆಳಗಿಟ್ಟಳು. ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಇಬ್ರೂ ಒಂದ ತಾಟಿನ್ಯಾಗ ಉಂಡು ಬೆಳದವರು ಅಂತ ಕೇಳಿದ್ದೆ. ಯಾವಾಗಿಂದ ಜಗಳಾ?"

"ಜಗಳಾನ? ಇಲ್ರಿ ಅವ್ವಾರ!"

"ನನಗ ತಿಳ್ಯಾಂಗಿಲ್ಲೇನು? ನನ್ನ ತಮ್ಮ ಹೊಲದ ಸಲುವಾಗಿ ನನ್ನ ವಿರುದ್ಧ ಕೋರ್ಟಿಗೆ ಹೋದ ಮ್ಯಾಲೆನ ನನಗ 'ರೀ' ಅನ್ನಾಕ ಹತ್ತಿದ! ಇಲ್ಲಿ ಗಂಡ-ಹೆಂಡ್ತಿನೂ ಹಂಗ ಮಾತಾಡಾಕತ್ತೀರಿ. ಈ ಮನ್ಯಾಗ ಯಾರಿಗೆ ಯಾರೂ ಇಲ್ಲ. ಏಳೋ ಭೀಮು."

ಭೀಮು ಏಳಲಾರದೆ ಎದ್ದ. ಒಳಗಿನ ಬಾಗಿಲಲ್ಲಿ ಸಾಕ್ಷಿಯ ಮುಖ ಸಣ್ಣದಾಯಿತು. ಏನಾದರೂ ಮಾಡಿ ತಡೆಯೋಣವೆಂದು ಬಾಯಿ ತೆರೆದರೆ ಹೊರಬಂದದ್ದು, "ದಯವಿಟ್ಟು ಅನ್ಯಥಾ ಭಾವಿಸಬಾರದು!"

ಅಮೀನುದ್ದೀನನ ತಾಳ್ಮೆ ಹರಿಯಿತು. "ಏ ಹಲ್ಕಟ್! ನಿನ್ನ ಮಾತ ಕೇಳಿ ನಮ್ಮ ಹುಡುಗಿ ಲಗ್ನಾ ಕೆಡಿಸಿದ್ನೆಲ್ಲೋ! ಹಿಂಗ ಮಾತಾಡ್ರಿ ಅಂತ ನೀನ ಹೇಳಿದ್ದಿ ಅಂತ ಬಾಯಿ ಬಿಡಲೇ!"

"ಬೊಗಳ್ರಿ!" ದುರ್ಗವ್ವನೂ ಸೆರಗು ಸಿಕ್ಕಿಸಿ ನಿಂತಳು. "ನಿಮ್ಮ ಶಾಣ್ಯಾತನ ಸಾಲ್ಯಾಗ ಇಟ್ಟು ಬರಬಾರದೇನ್ರಿ!"

ಮರೆವ್ವ ಹೊಸ್ತಿಲ ಬಳಿ ನಿಂತಳು. ಮುಖ ಅರಳಿತು. ತಿರುಗಿ ಬಂದು ಜಮಖಾನೆಯ ಮೇಲೆ ಕೂತೇಬಿಟ್ಟಳು!

"ಇಷ್ಟೊತ್ತು ಎಲ್ಲಿಟ್ಟಿದ್ದಿಲೇ ಈ ಬಾಯಿ, ಮಂಗ್ಯಾನ ಮಗನ?" ಎಂದಳು. ಅಮೀನುದ್ದೀನ ಬಹುಮಾನ ಬಂದವನಂತೆ ಬೀಗಿದ. "ಏ ಹುಚ್ಚಿ, ಚಹಾ ಆರಿತು, ಮತ್ತ ಕಾಸು," ಎಂದು ದುರ್ಗವ್ವನಿಗೆ ಹೇಳಿದಳು. ಸಾಕ್ಷಿಯನ್ನು ಪಕ್ಕಕ್ಕೆ ಎಳೆದುಕೊಂಡು, "ಕದದ ಹಿಂದ ನಿಂತು ಇಣುಕತೀಯೇನ ಕಳ್ಳಿ? ನಮ್ಮ ಮನಿಗೇ ಬಂದಬಿಡು!" ಎಂದು ಕೆನ್ನೆ ಹಿಂಡಿದಳು. ಲಗ್ನ ಗಟ್ಟಿಯಾಯಿತು!

ಇಡೀ ಮನೆ ಬೈಸಿಕೊಂಡು ಧನ್ಯವಾಯಿತು. ನಾನು ನನ್ನ ಪಾಳಿಗಾಗಿ ಕಾದೆ. ಚಹಾ ಮುಗಿಯಿತು, ಎಲೆ-ಅಡಿಕೆ ಮುಗಿಯಿತು. ಅವರು ಹೊರಟು ನಿಂತಾಗ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವ್ವಾರ, ನನಗೂ ಏನರ ಒಂದ ಬೈರಿ!"

ಮರೆವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿದಳು.

"ನಿಮಗ ಹೆಂಗ ಬೈಲಿರಿ ಸಾಹೇಬ್ರ? ಬೈಸ್ಕೊಳ್ಳಾಕ ಮೊದಲ ನಮ್ಮವರಾಗಬೇಕ್ರಿ!"