ಕೊಕ್ಕರೆಗಳ ಗುಟ್ಟು ಕಾದವಳು

ಶನಿವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ನಮ್ಮ ಮಹಡಿಯ ಕೆಳಗಿರುವ ಅಂಗಡಿಯಿಂದ ಒಂದೇ ಸಮನೆ ‘ಕಿರ್ರ್’ ಎಂಬ ಸದ್ದು ಬರುತ್ತದೆ. ಬೀಗದ ಕೈ ಕೊರೆಯುವ ಯಂತ್ರದ ಸದ್ದು. ಹಲ್ಲು ಜುಮ್ಮೆನ್ನುತ್ತದೆ. ಹೊಸಬರು ಕೇಳಿದರೆ, ಪರವಾಗಿಲ್ಲ, ವ್ಯಾಪಾರ ಚೆನ್ನಾಗಿದೆ ಅಂದುಕೊಂಡಾರು. ಅದೇನೂ ಇಲ್ಲ. ಆ ಹೊತ್ತಿನಲ್ಲಿ ನನ್ನ ಗಂಡ ಜಗತ್ತಿನ ಯಾವ ಬೀಗಕ್ಕೂ ಹೊಂದದ ಕೈಗಳನ್ನು ಕೊರೆಯುತ್ತಿರುತ್ತಾರೆ. ಉದ್ದೇಶ ಒಂದೇ: ಯಾರಾದರೂ ಬಂದು ಸ್ಕೋರು ಹೇಳಿದರೆ ಕಿವಿಗೆ ಬೀಳಬಾರದು.

ಯಾವುದರ ಸ್ಕೋರು ಅಂತ ಕೇಳುತ್ತೀರಿ. ಹೇಳುತ್ತೇನೆ, ನನಗೂ ಯಾರಿಗಾದರೂ ಹೇಳಿಕೊಳ್ಳಬೇಕಾಗಿದೆ.

ಮದುವೆಗೆ ಮುಂಚೆ ಇವರು ಸಮುದ್ರದಾಚೆಯ ಒಂದು ಬಂದರಿನ ಊರಿನಲ್ಲಿ, ಬೀಗದ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದರು. ಬಾಡಿಗೆಗಿದ್ದ ಮನೆಯ ಮುದುಕಿಗೆ ಗಂಡ ತೀರಿಹೋಗಿದ್ದ. ಊರಿನ ಫುಟ್‌ಬಾಲ್ ಮೈದಾನದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಅಕ್ಕಪಕ್ಕದಲ್ಲಿ ಕಾಯಂ ಕುರ್ಚಿಗಳಿದ್ದವು. ಖಾಲಿ ಕುರ್ಚಿಯ ಪಕ್ಕ ಕೂರಲಾರೆ ಎಂದು ಆಕೆ ಇವರನ್ನು ಕರೆದುಕೊಂಡು ಹೋದಳು. ಸತ್ತವನ ಕುರ್ಚಿಯಲ್ಲಿ, ಅವನದೇ ಮಫ್ಲರ್ ಸುತ್ತಿಕೊಂಡು ಇವರು ನೋಡಿದ ಮೊದಲ ಪಂದ್ಯವನ್ನೇ ತಂಡ ಸೋತಿತು. ಮುದುಕಿ ಅತ್ತಳು. ಇವರೂ ಅತ್ತರಂತೆ. ಆ ನಂಟು ಇಂದಿಗೂ ಬಿಟ್ಟಿಲ್ಲ. ಅಂಗಿಯ ಎದೆಯ ಮೇಲೆ ಕೊಕ್ಕರೆಯ ಚಿತ್ರವಿರುವುದರಿಂದ ಆ ತಂಡಕ್ಕೆ ನಮ್ಮ ಮನೆಯಲ್ಲಿ ಕೊಕ್ಕರೆಗಳು ಎಂದೇ ಹೆಸರು. ನನ್ನನ್ನು ಕಟ್ಟಿಕೊಂಡದ್ದು ಅದಾದ ಮೇಲೆ. ಹೀಗಾಗಿ ಈ ಮನೆಯಲ್ಲಿ ಹಿರಿಯ ಹೆಂಡತಿ ಕೊಕ್ಕರೆ, ಕಿರಿಯವಳು ನಾನು.

ದೂರದ ತಂಡವನ್ನು ಪ್ರೀತಿಸುವುದೆಂದರೆ ಏನೆಂದು ನನ್ನನ್ನು ಕೇಳಿ. ಅಂಗಿಗೆ ಬರೆದು ಕಳಿಸಿದರೆ ಅದು ಎಂಟು ತಿಂಗಳಿಗೆ ಬರುತ್ತದೆ; ಬಂದದ್ದು ಹತ್ತು ವರ್ಷದ ಮಗುವಿನ ಅಳತೆ. (ಆದರೂ ಹಾಕಿಕೊಳ್ಳುತ್ತಾರೆ. ಹೊಟ್ಟೆ ಕೆಳಗಿನಿಂದ ಇಣುಕುತ್ತದೆ.) ಕ್ಲಬ್ಬಿನವರು ವಾರಕ್ಕೊಂದು ಮೇಲ್ ಕಳಿಸುತ್ತಾರೆ. ಈ ಶನಿವಾರ ಉತ್ತರದ ಗೇಟಿನ ಬಳಿ ವಾಹನ ನಿಲ್ಲಿಸುವಂತಿಲ್ಲ ಎಂದು ಅದರಲ್ಲಿದ್ದರೆ, ಇವರು ಊಟಕ್ಕೆ ಕೂತಾಗ ಗಂಭೀರವಾಗಿ ನಮಗೆಲ್ಲ ತಿಳಿಸುತ್ತಾರೆ. ನಮ್ಮತ್ತೆ ‘ಆಗಲಪ್ಪ, ನಿಲ್ಲಿಸಲ್ಲ’ ಅನ್ನುತ್ತಾರೆ.

ಪಂದ್ಯ ನಡೆಯುವುದು ನಮ್ಮ ಶನಿವಾರದ ಬೆಳಿಗ್ಗೆ. ಅಂಗಡಿ ಮುಚ್ಚುವಂತಿಲ್ಲ, ವಾರವಿಡೀ ಬೀಗದ ಕೈ ಕಳೆದುಕೊಂಡವರಿಗೆಲ್ಲ ಅಂದೇ ಬಿಡುವು. ಆದ್ದರಿಂದ ಪಂದ್ಯವನ್ನು ಸೆಟ್ ಟಾಪ್ ಬಾಕ್ಸ್ ನುಂಗಿಟ್ಟುಕೊಳ್ಳುತ್ತದೆ, ಸಂಜೆ ಆರಕ್ಕೆ ಕಕ್ಕುತ್ತದೆ. ನಡುವಿನ ಆರು ಗಂಟೆ ಫಲಿತಾಂಶ ಇವರಿಗೆ ತಿಳಿಯಬಾರದು. ಇಡೀ ಬೀದಿಯಲ್ಲಿ ಆ ತಂಡದ ಹೆಸರು ಗೊತ್ತಿರುವುದು ಎದುರಿನ ಸಲೂನಿನವನೊಬ್ಬನಿಗೆ, ಅದೂ ಇವರು ಹೇಳಿದ್ದರಿಂದ. ಆದರೂ ಇವರ ಪಾಲಿಗೆ ಊರೆಲ್ಲ ಶತ್ರುಪಾಳಯ. ಬೆಳಿಗ್ಗೆಯೇ ಫೋನನ್ನು ನನ್ನ ಕೈಗೆ ಕೊಟ್ಟು, ‘ನೀನು ನೋಡಬೇಡ, ನನಗೂ ತೋರಿಸಬೇಡ’ ಎಂದು ಆಣೆ ಹಾಕಿಸಿ ಕೆಳಗಿಳಿಯುತ್ತಾರೆ. ಗುಟ್ಟಿನ ಕಾವಲಿಗೆ ನನ್ನನ್ನು ನೇಮಿಸಿ ಹತ್ತೊಂಬತ್ತು ವರ್ಷವಾಯಿತು.

ತಪ್ಪೊಪ್ಪಿಕೊಳ್ಳುತ್ತೇನೆ: ನಾನು ಪ್ರತಿ ಶನಿವಾರವೂ ನೋಡಿದ್ದೇನೆ.

ಕೆಟ್ಟ ಉದ್ದೇಶದಿಂದಲ್ಲ. ಸಂಜೆ ಮುರಿದುಬೀಳಲಿರುವ ಮನುಷ್ಯನನ್ನು ಮಧ್ಯಾಹ್ನದಿಂದಲೇ ಸ್ವಲ್ಪ ಮೆತ್ತಗೆ ಹಿಡಿಯಬಹುದಲ್ಲ ಎಂದು. ಸೋತ ದಿನ ಕೇಳದೆಯೇ ಚಹಾ ಕೊಂಡೊಯ್ದು ಕೊಡುತ್ತಿದ್ದೆ. ಮನೆಯ ರಗಳೆ ಎತ್ತುತ್ತಿರಲಿಲ್ಲ. ಗೆದ್ದ ದಿನ (ಅಂಥವು ಬೆರಳೆಣಿಕೆ) ಕೂಡಿಟ್ಟ ದೂರುಗಳನ್ನೆಲ್ಲ ಒಟ್ಟಿಗೇ ಬಿಚ್ಚುತ್ತಿದ್ದೆ. ನನ್ನ ಈ ಚಾಣಾಕ್ಷತನ ಯಾರಿಗೂ ತಿಳಿಯದೆಂಬ ಹೆಮ್ಮೆ ನನಗಿತ್ತು.

ಈ ವರ್ಷ ಕೊಕ್ಕರೆಗಳು ನೀರಿನಿಂದ ತಲೆ ಎತ್ತಲೇ ಇಲ್ಲ. ಕೊನೆಯ ಶನಿವಾರ ಬಂತು. ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತದೆ. ಅದು ಆ ಊರಿನವರ ದುಃಖ. ನಮ್ಮ ದುಃಖ ಬೇರೆ: ಕೆಳಗಿನ ದರ್ಜೆಯ ಪಂದ್ಯಗಳನ್ನು ಕಡಲಾಚೆಗೆ ಪ್ರಸಾರ ಮಾಡುವುದಿಲ್ಲ. ಬಿದ್ದ ತಂಡ ಮತ್ತೆ ಮೇಲೇಳುವತನಕ ಇವರ ಶನಿವಾರಗಳಲ್ಲಿ ಏನೂ ಉಳಿಯುವುದಿಲ್ಲ. ಐವತ್ತಾರು ವರ್ಷದ ಮನುಷ್ಯ. ಇವರಿಗೆ ಸಿನಿಮಾ ಇಲ್ಲ, ಸ್ನೇಹಿತರ ಕೂಟವಿಲ್ಲ.

ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ನಿಂತು ನೋಡಿದೆ. ಎರಡು–ಸೊನ್ನೆ. ಎರಡು ನಮ್ಮದಲ್ಲ.

ನನಗೆ ಫುಟ್‌ಬಾಲ್ ಅಂದರೆ ಆರಕ್ಕೇರದ, ಮೂರಕ್ಕಿಳಿಯದ ಆಸಕ್ತಿ. ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಇವರು ಊಟಕ್ಕೆ ಮೆಟ್ಟಿಲು ಹತ್ತುವ ಸದ್ದು. ಕಣ್ಣಲ್ಲಿ ನೀರು ತುಂಬಿಕೊಂಡು ಬಡಿಸಿದರೆ ಎಲ್ಲ ಬಯಲಾಗುತ್ತದೆ. ಸಂಜೆಯವರೆಗಾದರೂ ಆಸೆ ಇರಲಿ ಪಾಪ, ಅನಿಸಿತು. ಅಳು ಮುಚ್ಚಲು ಸಿಟ್ಟಿಗಿಂತ ದಪ್ಪನೆಯ ಮುಸುಕಿಲ್ಲ. ಶುರು ಮಾಡಿದೆ.

ಸಿಂಕಿನ ನಲ್ಲಿ ಮೂರು ತಿಂಗಳಿಂದ ಸೋರುತ್ತಿರುವುದು, ಊರಿಗೆಲ್ಲ ಬೀಗ ಹಾಕುವವರ ಮನೆಯ ಬೀರುವಿಗೆ ಬೀಗವಿಲ್ಲದಿರುವುದು, ನನ್ನ ತಮ್ಮನ ಗೃಹಪ್ರವೇಶಕ್ಕೆ ಬರದೆ ಪಂದ್ಯ ನೋಡುತ್ತಾ ಕೂತದ್ದು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು, ಒಂದನ್ನೂ ಬಿಡಲಿಲ್ಲ. ನಾನು ಬೈದಂತೆಲ್ಲ ಇವರ ಮುಖ ಅರಳುತ್ತಾ ಹೋಯಿತು. ಟವೆಲಿನ ಹೊತ್ತಿಗೆ ನಗುತ್ತಲೇ ಇದ್ದರು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ಇದೇನು ಹುಚ್ಚೋ ಎಂದು ಅತ್ತೆ ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿದರು.

ನಾಲ್ಕಕ್ಕೇ ಅಂಗಡಿಯ ಬಾಗಿಲು ಎಳೆದರು. ಸ್ನಾನ ಮಾಡಿ ಹತ್ತು ವರ್ಷದ ಮಗುವಿನ ಅಂಗಿ ತೊಟ್ಟರು. ಎರಡು ಡಬ್ಬ ಸಿಹಿ ತಂದರು. ಎಂದೂ ಯಾರನ್ನೂ ಪಂದ್ಯಕ್ಕೆ ಕರೆಯದವರು ಸಲೂನಿನವನನ್ನು ಕರೆದರು. ನಾನು ಬೇಡ ಅನ್ನಲು ಬಾಯಿ ತೆರೆದೆ, ಏನೆಂದು ಬೇಡ ಅನ್ನಲಿ?

ಇಪ್ಪತ್ತನೇ ನಿಮಿಷಕ್ಕೆ ಮೊದಲ ಗೋಲು ಬಿತ್ತು. ಸಲೂನಿನವನು ಛೇ ಅಂದ. ಇವರು ಅವನ ಬೆನ್ನು ತಟ್ಟಿ, ಸ್ವಲ್ಪ ಕಾದು ನೋಡು ಅಂದರು. ವಿರಾಮದಲ್ಲಿ ಅವನಿಗೆ ಸಿಹಿ ತಿನ್ನಿಸಿದರು. ಅರವತ್ತೈದರಲ್ಲಿ ಎರಡನೆಯದು ಬಿತ್ತು. ಮೂರು ಗೋಲು ಹೊಡೀತಾರೆ ಹಾಗಾದರೆ, ಎಂದು ಇವರು ಲೆಕ್ಕ ಹಾಕಿದರು. ಎಪ್ಪತ್ತೈದು, ಎಂಬತ್ತು. ನಾನು ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದೆ. ಎಂಬತ್ತಾರನೇ ನಿಮಿಷಕ್ಕೆ ಇವರು ಟೀವಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ಉಳಿದ ಪಂದ್ಯವನ್ನು ನನ್ನ ಮುಖದಲ್ಲೇ ನೋಡಿ ಮುಗಿಸಿದರು.

ಸಲೂನಿನವನು ಚಪ್ಪಲಿ ಹುಡುಕಿಕೊಂಡು ಸದ್ದಿಲ್ಲದೆ ಜಾರಿಕೊಂಡ. ಅತ್ತೆ ಟೀವಿ ಆರಿಸಿ ಒಳಗೆ ಹೋದರು.

“ನಲ್ಲಿ ವಿಷಯ ಯಾಕೆ ತೆಗೆದೆ?” ಅಂದರು ಇವರು.

“ಸೋರ್ತಿದೆ, ತೆಗೆದೆ.”

“ಸೋತ ದಿನ ನೀನು ತೆಗೆಯಲ್ಲ.”

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮದುವೆಯಾದ ಮೊದಲ ವರ್ಷದಿಂದಲೇ ಎಂದರು. ಕೇಳದೆ ಚಹಾ ಬಂದರೆ ಸೋಲು; ಜೊತೆಗೆ ಬಿಸ್ಕತ್ತು ಬಂದರೆ ಮೂರು ಗೋಲಿನ ಸೋಲು; ತಲೆಗೆ ಎಣ್ಣೆ ಹಚ್ಚಲೇ ಎಂದು ಕೇಳಿದರೆ ಆಟಗಾರನೊಬ್ಬನನ್ನು ಹೊರಗೆ ಹಾಕಿದ್ದಾರೆಂದು ಅರ್ಥ. ಹತ್ತೊಂಬತ್ತು ವರ್ಷ ಪ್ರತಿ ಪಂದ್ಯವನ್ನೂ ಫಲಿತಾಂಶ ತಿಳಿದೇ ನೋಡಿದ್ದರಂತೆ. ನಾನು ಅಷ್ಟು ಕಷ್ಟಪಟ್ಟು ಗುಟ್ಟು ಕಾಯುತ್ತಿರುವಾಗ ಹೇಳಿ ನೋಯಿಸುವುದೇಕೆ ಎಂದು ಸುಮ್ಮನಿದ್ದರಂತೆ.

“ಗೊತ್ತಿದ್ದೂ ಯಾಕ್ರೀ ಕೂತು ನೋಡ್ತಿದ್ರಿ?”

“ಸೋಲೋರ ಜೊತೆ ಯಾರಾದರೂ ಕೂರಬೇಕಲ್ಲ,” ಅಂದರು. “ಇವತ್ತೊಂದು ದಿನ ಗೆಲ್ತೀವಿ ಅಂತ ನಂಬಿ ಕೂತಿದ್ದೆ. ಇಷ್ಟು ವರ್ಷದಲ್ಲಿ ನೀನು ಒಂದು ದಿನವೂ ಸುಳ್ಳು ಹೇಳಿರಲಿಲ್ಲ.”

ಅಂಗಿಯ ಕೊಕ್ಕರೆ ಇವರ ಉಸಿರಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಇನ್ನು ಮುಂದೆ ಶನಿವಾರ ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇವರೇ ಹೇಳಿದರು.

“ಪ್ರಸಾರ ಇಲ್ಲದಿದ್ದರೆ ಏನಾಯ್ತು, ನೀನಿದ್ದೀಯಲ್ಲ. ಸ್ಕೋರು ಫೋನಲ್ಲಿ ಬರುತ್ತೆ. ನೀನು ನೋಡಿಕೋ, ನನಗೆ ಹೇಳ್ಬೇಡ. ಯಾವಾಗಲೂ ಹೇಗಿರ್ತೀಯೋ ಹಾಗಿರು. ನಟನೆ ಮಾತ್ರ ಮಾಡ್ಬೇಡ.”

ಆಗ ಬಂತು ನೋಡಿ ನನಗೆ ನಿಜವಾದ ಸಿಟ್ಟು. ಹತ್ತೊಂಬತ್ತು ವರ್ಷ ಕಾವಲುಗಾರ್ತಿ ಅಂದುಕೊಂಡಿದ್ದೆ, ಬರೀ ಸ್ಕೋರ್ ಬೋರ್ಡಾಗಿದ್ದೆ; ಈಗ ಇಡೀ ಮೈದಾನವೇ ಆಗಬೇಕಂತೆ. ನನ್ನಿಂದಾಗದು, ಇನ್ನು ಆ ಫೋನನ್ನು ಮುಟ್ಟುವವಳೂ ಅಲ್ಲ, ನನಗೂ ಒಂದು ಶನಿವಾರ ಅಂತ ಬೇಡವೇ ಎಂದು ಒಂದೇ ಉಸಿರಿಗೆ ಹೇಳಿದೆ. ಇವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಹೋಗಲಿ, ಮುಂದಿನ ವರ್ಷದ ಪಂದ್ಯಗಳು ಯಾವ ತಿಂಗಳಿಂದ ಶುರು ಎಂದೆ. ಹೇಳಿದರು. ಕೆಳಗಿನ ದರ್ಜೆಯಲ್ಲಿ ಪಂದ್ಯಗಳು ಹೆಚ್ಚಂತೆ, ವಾರದ ನಡುವೆಯೂ ಇರುತ್ತವಂತೆ. ಅಷ್ಟೊಂದು ಬೈಯುವುದಕ್ಕೆ ನನ್ನ ಹತ್ತಿರ ವಿಷಯವೆಲ್ಲಿದೆ ಎಂದೆ. ಗೆದ್ದರೆ ತಾನೇ ಅಂದರು.

“ಅದು ಸರಿ. ಸಮ ಆದ ದಿನ ನಾನು ಏನು ಮಾಡ್ಲಿ? ಚಹಾ ತರ್ಲೋ, ಬೈಲೋ? ಒಂದು–ಒಂದಕ್ಕೂ ಸೊನ್ನೆ–ಸೊನ್ನೆಗೂ ವ್ಯತ್ಯಾಸ ತೋರಿಸ್ಬೇಕೋ ಬೇಡ್ವೋ? ಅದನ್ನ ಈಗಲೇ ಹೇಳಿಬಿಡಿ ರೀ, ಆಮೇಲೆ ನನ್ನ…”

“ಮೊದಲೇ ಹೇಳಿಕೊಟ್ಟರೆ ಅದೂ ನಟನೆಯೇ ಆಗುತ್ತೆ,” ಎನ್ನುತ್ತಾ ಇವರು ಎದ್ದು, ಗಿಡ್ಡ ಅಂಗಿಯನ್ನು ಹೊಟ್ಟೆ ಮುಚ್ಚುವಂತೆ ಕೆಳಗೆಳೆದುಕೊಂಡು, ಮೆಟ್ಟಿಲಿಳಿದು ಬೀದಿಗೆ ಹೋಗಿಬಿಟ್ಟರು.